ಹಳೆಯ ಟಿವಿ ಕಾರ್ಯಕ್ರಮ ಪಟ್ಟಿಯ ಪತ್ರಿಕೆಗಳನ್ನು ಗ್ರಂಥಾಲಯ ಉಳಿಸಿಕೊಳ್ಳಬೇಕೇ?

ಮಲೆನಾಡಿನ ಗ್ರಂಥಪಾಲಕಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯ ಕಾಲೇಜೊಂದರ ಗ್ರಂಥಾಲಯವನ್ನು ನೋಡಿಕೊಳ್ಳುತ್ತಿದ್ದೇನೆ. ಬಹಳ ವರ್ಷ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿದ್ದು, ಆಮೇಲೆ ಊರಿಗೆ ಮರಳಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಹಿರಿಯರೊಬ್ಬರ ಪುಸ್ತಕಗಳನ್ನು ಅವರ ಮನೆಯವರು ನಮ್ಮ ಗ್ರಂಥಾಲಯಕ್ಕೆ ಕೊಟ್ಟಿದ್ದಾರೆ. ಪುಸ್ತಕಗಳ ಜೊತೆಗೆ ನಾಲ್ಕು ದೊಡ್ಡ ಪೆಟ್ಟಿಗೆಗಳಲ್ಲಿ ವಾರಪತ್ರಿಕೆಗಳೂ ಬಂದಿವೆ. ಹೆಚ್ಚಿನವು 1970 ಮತ್ತು 80ರ ದಶಕಗಳ 'ರೇಡಿಯೊ ಟೈಮ್ಸ್'. ಸ್ವಲ್ಪ ಕಡಿಮೆ ಸಂಖ್ಯೆಯಲ್ಲಿ 'ಟಿವಿ ಟೈಮ್ಸ್' ಇವೆ. ಅಂಗೈ ಅಗಲದ, ದಪ್ಪನೆಯ ಅಮೆರಿಕದ 'ಟಿವಿ ಗೈಡ್' ಸಂಚಿಕೆಗಳೂ ಒಂದಷ್ಟಿವೆ.

ಗ್ರಂಥಾಲಯ ಸಮಿತಿಯ ಕೆಲವು ಸದಸ್ಯರು ಇವನ್ನು ರದ್ದಿಗೆ ಹಾಕಬಹುದೆಂದು ಹೇಳುತ್ತಿದ್ದಾರೆ. ಯಾವತ್ತೋ ಮುಗಿದುಹೋದ ಕಾರ್ಯಕ್ರಮಗಳ ವೇಳಾಪಟ್ಟಿಯನ್ನು, ಅದರಲ್ಲೂ ಬೇರೆ ದೇಶದ್ದನ್ನು, ನಮ್ಮ ವಿದ್ಯಾರ್ಥಿಗಳು ಯಾಕೆ ನೋಡುತ್ತಾರೆ ಎಂಬುದು ಅವರ ವಾದ. ಕಪಾಟುಗಳ ಕೊರತೆ ನಿಜವಾದದ್ದೇ ಆದ್ದರಿಂದ ಅವರ ಮಾತನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ. ಆದರೆ ಪುಟ ತಿರುವಿದಾಗ ಇವು ಬರೀ ಪಟ್ಟಿಗಳಲ್ಲ ಎಂದು ನನಗೆ ಅನ್ನಿಸಿತು. ಲೇಖನಗಳಿವೆ, ಓದುಗರ ಪತ್ರಗಳಿವೆ, ಒಳ್ಳೆಯ ರೇಖಾಚಿತ್ರಗಳಿವೆ. ಹಲವು ಕಡೆ ಕಾರ್ಯಕ್ರಮಗಳ ಪಕ್ಕದಲ್ಲಿ ಆ ಹಿರಿಯರು ಪೆನ್ನಿನಿಂದ ಗುರುತು ಹಾಕಿದ್ದಾರೆ.

ಇನ್ನೊಂದು ವಿಷಯ ನನಗೆ ಅರ್ಥವಾಗಲಿಲ್ಲ. ರೇಡಿಯೊ ಟೈಮ್ಸ್‌ನಲ್ಲಿ ಬಿಬಿಸಿಯ ಕಾರ್ಯಕ್ರಮಗಳು ಮಾತ್ರ ಇವೆ, ಟಿವಿ ಟೈಮ್ಸ್‌ನಲ್ಲಿ ಬಿಬಿಸಿಯೇ ಇಲ್ಲ. ಒಂದು ಮನೆಯವರು ಒಂದು ವಾರದ ಕಾರ್ಯಕ್ರಮ ತಿಳಿಯಲು ಎರಡೆರಡು ಪತ್ರಿಕೆ ಕೊಳ್ಳಬೇಕಿತ್ತೇ? ಹಾಗಿದ್ದರೆ ಯಾಕೆ? ಇವುಗಳ ಬೆಲೆಯನ್ನು ತೂಗಿ ನೋಡಬಲ್ಲವರು ದಯವಿಟ್ಟು ತಿಳಿಸಬೇಕು.

ಯಾರ್ಕ್‌ಶೈರ್ ನಿವಾಸಿ

ನಮಸ್ಕಾರ ಮೇಡಂ. ದಯವಿಟ್ಟು ಆ ಪೆಟ್ಟಿಗೆಗಳನ್ನು ಯಾರ ಕೈಗೂ ಕೊಡಬೇಡಿ. ನಾನು ಇಲ್ಲಿ ನೆಲೆಸಿ ಬಹಳ ಕಾಲವಾಯಿತು. ಪ್ರಸಾರ ಮಾಧ್ಯಮದ ಇತಿಹಾಸ ನನ್ನ ಓದಿನ ವಿಷಯವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ರೇಡಿಯೊ ಟೈಮ್ಸ್ ಹುಟ್ಟಿದ್ದೇ ಒಂದು ಜಗಳದಿಂದ. 1922ರಲ್ಲಿ ಬಿಬಿಸಿ ಪ್ರಸಾರ ಆರಂಭಿಸಿದಾಗ ಅದರ ಕಾರ್ಯಕ್ರಮಗಳ ವಿವರ ದಿನಪತ್ರಿಕೆಗಳಲ್ಲಿ ಬರುತ್ತಿತ್ತು. ರೇಡಿಯೊದಿಂದ ತಮ್ಮ ವ್ಯಾಪಾರಕ್ಕೆ ಕುಂದು ಬರಬಹುದೆಂದು ಆತಂಕಪಟ್ಟ ಪತ್ರಿಕಾ ಮಾಲೀಕರ ಸಂಘ, ಮರುವರ್ಷದ ಆರಂಭದಲ್ಲಿ, ಇನ್ನು ಮುಂದೆ ಈ ವಿವರವನ್ನು ಜಾಹೀರಾತೆಂದೇ ಪರಿಗಣಿಸಿ ಹಣ ಕೇಳುವುದಾಗಿ ಹೇಳಿತು. ಆ ಬಹಿಷ್ಕಾರ ಹೆಚ್ಚು ದಿನ ನಿಲ್ಲಲಿಲ್ಲ. ಲಂಡನ್ನಿನ ಸೆಲ್ಫ್ರಿಜ್ ಅಂಗಡಿಯವರು ಕಾರ್ಯಕ್ರಮ ಪಟ್ಟಿಯನ್ನು ತಮ್ಮ ಜಾಹೀರಾತಿನೊಳಗೇ ಅಚ್ಚುಹಾಕಿಸಿ ಪತ್ರಿಕೆಯ ಮಾರಾಟ ಹೆಚ್ಚುವಂತೆ ಮಾಡಿದ್ದೂ ಅದಕ್ಕೆ ಒಂದು ಕಾರಣ. ಆದರೆ ಬಿಬಿಸಿಯ ಮುಖ್ಯಸ್ಥರಾಗಿದ್ದ ಜಾನ್ ರೀತ್ ಅವರ ಮನಸ್ಸಿನಲ್ಲಿ ಆಗಲೇ ಸ್ವಂತ ಪತ್ರಿಕೆಯ ಯೋಚನೆ ಮೂಡಿತ್ತು. 1923ರ ಸೆಪ್ಟೆಂಬರ್ 28ರಂದು ಎರಡು ಪೆನ್ಸ್ ಬೆಲೆಯ ಮೊದಲ ಸಂಚಿಕೆ ಹೊರಬಂತು. ಅಂದು ದಿನಪತ್ರಿಕೆಗಳು ಬೇಡವೆಂದು ಬದಿಗಿಟ್ಟ ಪಟ್ಟಿಯೇ ಮುಂದೆ ಬ್ರಿಟನ್ನಿನ ಅತಿ ಹೆಚ್ಚು ಮಾರಾಟದ ಪತ್ರಿಕೆಗಳಲ್ಲಿ ಒಂದಕ್ಕೆ ಬಂಡವಾಳವಾಯಿತು. 1988ರ ಕ್ರಿಸ್‌ಮಸ್ ಜೋಡಿ ಸಂಚಿಕೆಯ, ಅಂದರೆ ಎರಡು ವಾರಗಳ ಪಟ್ಟಿ ಒಟ್ಟಿಗಿರುವ ಸಂಚಿಕೆಯ, 1 ಕೋಟಿ 12 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಕ್ರಿಸ್‌ಮಸ್‌ಗೆ ಮುನ್ನ ಮನೆಮಂದಿಯೆಲ್ಲ ಕುಳಿತು ಆ ಸಂಚಿಕೆಯಲ್ಲಿ ತಮಗೆ ಬೇಕಾದ ಕಾರ್ಯಕ್ರಮಗಳಿಗೆ ಗುರುತು ಹಾಕುವ ಪದ್ಧತಿ ಇಲ್ಲಿನ ಅನೇಕ ಮನೆಗಳಲ್ಲಿ ಇಂದಿಗೂ ಇದೆ. 2011ರಲ್ಲಿ ಬಿಬಿಸಿ ಅದನ್ನು ಖಾಸಗಿಯವರಿಗೆ ಮಾರಿತಾದರೂ ಪತ್ರಿಕೆ ಈಗಲೂ ವಾರವಾರ ಬರುತ್ತಿದೆ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ: ಹೌದು, ಎರಡು ಪತ್ರಿಕೆ ಕೊಳ್ಳಲೇಬೇಕಿತ್ತು. 1955ರ ಸೆಪ್ಟೆಂಬರ್‌ನಲ್ಲಿ ಜಾಹೀರಾತಿನ ಆದಾಯದಿಂದ ನಡೆಯುವ ಐಟಿವಿ ಆರಂಭವಾದಾಗ ಅದರ ಜೊತೆಯಲ್ಲೇ ಟಿವಿ ಟೈಮ್ಸ್ ಬಂತು. ತನ್ನ ಕಾರ್ಯಕ್ರಮ ಪಟ್ಟಿ ತನ್ನ ಸ್ವತ್ತು ಎಂಬ ಹಕ್ಕನ್ನು ಎರಡೂ ಸಂಸ್ಥೆಗಳು ಬಿಗಿಯಾಗಿ ಹಿಡಿದುಕೊಂಡವು. 1982ರಲ್ಲಿ ಬಂದ ಚಾನೆಲ್ 4ರ ವಿವರಗಳೂ ಟಿವಿ ಟೈಮ್ಸ್‌ನ ಪಾಲಾದವು. ದಿನಪತ್ರಿಕೆಗಳಿಗೆ ಆಯಾ ದಿನದ, ವಾರಾಂತ್ಯದಲ್ಲಾದರೆ ಎರಡು ದಿನಗಳ ಪಟ್ಟಿ ಹಾಕಲಷ್ಟೇ ಅನುಮತಿ ಇತ್ತು. ಇಡೀ ವಾರದ್ದನ್ನು ಮುಂಚಿತವಾಗಿ ತಿಳಿಯಬೇಕಾದವರಿಗೆ ಎರಡೂ ಪತ್ರಿಕೆಗಳಿಗೆ ದುಡ್ಡು ಕೊಡದೆ ಬೇರೆ ದಾರಿಯಿರಲಿಲ್ಲ. 1990ರ ಪ್ರಸಾರ ಕಾಯಿದೆ ಜಾರಿಗೆ ಬಂದು, 1991ರ ಮಾರ್ಚ್ 1ರಿಂದ ಯಾರು ಬೇಕಾದರೂ ಎಲ್ಲ ವಾಹಿನಿಗಳ ಪಟ್ಟಿಯನ್ನು ಪ್ರಕಟಿಸಬಹುದೆಂದು ಆದ ಮೇಲೆಯೇ ಈ ವ್ಯವಸ್ಥೆ ಮುರಿಯಿತು. ಅದೇ ವರ್ಷ ಅಗ್ಗದ ಹೊಸ ಪತ್ರಿಕೆಗಳು ಮಾರುಕಟ್ಟೆಗೆ ಬಂದವು.

ಇನ್ನು ನಿಮ್ಮ ಸಂಗ್ರಹದ ಬೆಲೆಯ ಮಾತು. 1960 ಮತ್ತು 70ರ ದಶಕಗಳಲ್ಲಿ ಬಿಬಿಸಿಯೂ ಸೇರಿದಂತೆ ಇಲ್ಲಿನ ಪ್ರಸಾರ ಸಂಸ್ಥೆಗಳು ದುಬಾರಿ ವಿಡಿಯೊ ಟೇಪುಗಳನ್ನು ಅಳಿಸಿ ಮತ್ತೆ ಬಳಸುತ್ತಿದ್ದವು. 'ಡಾಕ್ಟರ್ ಹೂ' ಎಂಬ ಹೆಸರಾಂತ ಧಾರಾವಾಹಿಯೊಂದರಲ್ಲೇ ತೊಂಬತ್ತಕ್ಕೂ ಹೆಚ್ಚು ಕಂತುಗಳು ಬಿಬಿಸಿಯ ಭಂಡಾರದಲ್ಲಿ ಇಲ್ಲ. ಅಷ್ಟು ಹೆಸರು ಮಾಡದ ನಾಟಕಗಳು, ಸಂಗೀತ ಕಾರ್ಯಕ್ರಮಗಳು, ಚರ್ಚೆಗಳು ಇನ್ನೂ ಎಷ್ಟೋ ಹೋಗಿವೆ. ಅಂಥ ಕಾರ್ಯಕ್ರಮ ಯಾವ ದಿನ, ಎಷ್ಟು ಗಂಟೆಗೆ, ಯಾವ ವಾಹಿನಿಯಲ್ಲಿತ್ತು, ಬರೆದವರು ಯಾರು, ನಟಿಸಿದವರು ಯಾರು ಎಂಬುದಕ್ಕೆ ಅನೇಕ ವೇಳೆ ಈ ಪತ್ರಿಕೆಯ ನಾಲ್ಕು ಸಾಲುಗಳೇ ಸುಲಭವಾಗಿ ಕೈಗೆ ಸಿಗುವ ಆಧಾರ. ಸಮಿತಿಯವರು ಮುಗಿದುಹೋದ ವೇಳಾಪಟ್ಟಿ ಎನ್ನುತ್ತಿರುವುದನ್ನು ಸಂಶೋಧಕರು ದಾಖಲೆಯೆಂದು ಹುಡುಕಿಕೊಂಡು ಬರುತ್ತಾರೆ.

ನಮ್ಮವರಿಗೆ ನೇರವಾಗಿ ಸಂಬಂಧಿಸಿದ ಒಂದು ಎಳೆಯೂ ಅದರಲ್ಲಿದೆ. 1965ರಲ್ಲಿ ಬಿಬಿಸಿ ಭಾರತ ಮತ್ತು ಪಾಕಿಸ್ತಾನಗಳಿಂದ ವಲಸೆ ಬಂದವರಿಗಾಗಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಒಂದು ವಿಭಾಗವನ್ನು ತೆರೆದು, ಹಿಂದಿ ಮತ್ತು ಉರ್ದು ಬಲ್ಲವರಿಗೆ ಅರ್ಥವಾಗುವ ಭಾಷೆಯಲ್ಲಿ ಭಾನುವಾರದ ಬೆಳಗ್ಗೆ ಕಾರ್ಯಕ್ರಮ ಕೊಡತೊಡಗಿತು. ಎಪ್ಪತ್ತರ ದಶಕದ ಸಂಚಿಕೆಗಳ ಭಾನುವಾರದ ಪುಟವನ್ನು ತೆರೆದರೆ 'ನಯೀ ಜಿಂದಗಿ ನಯಾ ಜೀವನ್' ಎಂಬ ಹೆಸರು ನಿಮಗೆ ಸಿಗುತ್ತದೆ. ಬ್ರಿಟನ್ನಿಗೆ ಬಂದ ಭಾರತೀಯರ ಬದುಕಿನ ಬಗ್ಗೆ ಬರೆಯುವ ವಿದ್ಯಾರ್ಥಿಗೆ ಅಲ್ಲಿಂದಲೇ ಕೆಲಸ ಆರಂಭಿಸಬಹುದು.

ತುಂಗಭದ್ರಾ

ಸಮಿತಿಯವರ ಪರವಾಗಿಯೂ ಒಂದು ಮಾತು ಹೇಳಬೇಕಾಗಿದೆ. ಬಿಬಿಸಿಯೇ 1923ರಿಂದ 2009ರವರೆಗಿನ ರೇಡಿಯೊ ಟೈಮ್ಸ್‌ನ ಕಾರ್ಯಕ್ರಮ ಪಟ್ಟಿಗಳನ್ನು 'ಜೀನೋಮ್' ಎಂಬ ಯೋಜನೆಯಲ್ಲಿ ಗಣಕೀಕರಿಸಿ, 2014ರಿಂದ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಅದರಲ್ಲಿ 40 ಲಕ್ಷಕ್ಕೂ ಹೆಚ್ಚು ಕಾರ್ಯಕ್ರಮಗಳ ವಿವರಗಳಿವೆ. ಶಿವಮೊಗ್ಗದಲ್ಲಿ ಕುಳಿತ ವಿದ್ಯಾರ್ಥಿ ಅದನ್ನು ಮೊಬೈಲಿನಲ್ಲೇ ಹುಡುಕಬಹುದಾದಾಗ, ಇಲ್ಲಿನ ಗೆದ್ದಲು ಮತ್ತು ಮಳೆಗಾಲದ ತೇವದ ನಡುವೆ ಪೂರ್ತಿ ರಾಶಿಯನ್ನು ಕಾಪಾಡುವ ಹೊರೆ ಒಂದು ಸಣ್ಣ ಕಾಲೇಜಿಗೆ ಬೇಕೇ? ಮಾದರಿಗೆಂದು ಪ್ರತಿ ವರ್ಷದ ಕೆಲವು ಸಂಚಿಕೆಗಳನ್ನು ಇಟ್ಟುಕೊಂಡರೆ ಸಾಲದೇ? ಕನ್ನಡದ ಹಳೆಯ ನಿಯತಕಾಲಿಕೆಗಳೇ ಜಾಗವಿಲ್ಲದೆ ಹಾಳಾಗುತ್ತಿರುವಾಗ ನಮ್ಮ ಆದ್ಯತೆ ಯಾವುದೆಂದು ಯೋಚಿಸಬೇಕು.

ಮೈಸೂರಿನ ವಕೀಲ

ಪಟ್ಟಿಯ ಮೇಲೆ ಹಕ್ಕು ಸಾಧಿಸಿದ ವಿಷಯವನ್ನು ಯಾರ್ಕ್‌ಶೈರ್‌ನ ಮಿತ್ರರು ಪ್ರಸ್ತಾಪಿಸಿದ್ದಾರೆ. ಅದರ ಮುಂದಿನ ಕಥೆ ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವ ಒಂದು ಪ್ರಕರಣ. ಕಾಲೇಜಿನಲ್ಲಿ ಈ ಪತ್ರಿಕೆಗಳಿಗೆ ಓದುಗರು ಸಿಗುತ್ತಾರೆಯೇ ಎಂಬ ಅನುಮಾನಕ್ಕೆ ಅದೂ ಒಂದು ಉತ್ತರವಾದೀತು.

ಐರ್ಲೆಂಡಿನಲ್ಲಿಯೂ ಬ್ರಿಟನ್ನಿನ ವಾಹಿನಿಗಳನ್ನು ಅನೇಕರು ನೋಡುತ್ತಿದ್ದರು. ಹೀಗಾಗಿ ಅಲ್ಲಿನವರಿಗೆ ಐರಿಷ್ ಪ್ರಸಾರ ಸಂಸ್ಥೆಯಾದ ಆರ್‌ಟಿಇಯ ಪತ್ರಿಕೆಯೂ ಸೇರಿ ಮೂರು ಪತ್ರಿಕೆಗಳು ಬೇಕಾಗುತ್ತಿದ್ದವು. 1980ರ ದಶಕದ ಮಧ್ಯದಲ್ಲಿ 'ಮ್ಯಾಗಿಲ್' ಎಂಬ ಪ್ರಕಾಶನದವರು ಎಲ್ಲ ವಾಹಿನಿಗಳ ವಾರದ ಪಟ್ಟಿಯನ್ನು ಒಂದೇ ಪತ್ರಿಕೆಯಲ್ಲಿ ಕೊಡಲು ಹೊರಟರು. ಮೂರೂ ಸಂಸ್ಥೆಗಳು ಹಕ್ಕುಸ್ವಾಮ್ಯವನ್ನು ಮುಂದಿಟ್ಟು ಐರಿಷ್ ನ್ಯಾಯಾಲಯದಿಂದ ತಡೆಯಾಜ್ಞೆ ತಂದವು. ಮ್ಯಾಗಿಲ್, ಯುರೋಪಿನ ದೇಶಗಳ ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಆಯೋಗಕ್ಕೆ ದೂರು ಕೊಟ್ಟಿತು. 1988ರ ಡಿಸೆಂಬರ್‌ನಲ್ಲಿ ಆಯೋಗ ಮ್ಯಾಗಿಲ್ ಪರವಾಗಿ ನಿಂತಿತು. ಸಂಸ್ಥೆಗಳು ಮೇಲ್ಮನವಿಯ ಮೇಲೆ ಮೇಲ್ಮನವಿ ಹೂಡಿದವು. ಕೊನೆಗೆ 1995ರ ಏಪ್ರಿಲ್ 6ರಂದು ಯುರೋಪಿಯನ್ ನ್ಯಾಯಾಲಯ ಆಯೋಗದ ತೀರ್ಮಾನವನ್ನೇ ಎತ್ತಿಹಿಡಿಯಿತು.

ತೀರ್ಪಿನ ತಿರುಳು ಬಹಳ ಮುಖ್ಯವಾದದ್ದು. ಹಕ್ಕುಸ್ವಾಮ್ಯ ಹೊಂದಿದವನು ಇನ್ನೊಬ್ಬನಿಗೆ ಪರವಾನಗಿ ಕೊಡಲು ನಿರಾಕರಿಸಿದ ಮಾತ್ರಕ್ಕೆ ಅದು ತಪ್ಪಲ್ಲ. ಆದರೆ ಯಾವ ಕಾರ್ಯಕ್ರಮ ಎಷ್ಟು ಗಂಟೆಗೆ ಎಂಬ ಮಾಹಿತಿಯು ಪ್ರಸಾರ ಮಾಡುವವರನ್ನು ಬಿಟ್ಟು ಬೇರೆಲ್ಲಿಯೂ ಸಿಗುವಂತಿಲ್ಲ. ಜನರಿಗೆ ಬೇಕಾದ ಹೊಸ ಬಗೆಯ ಪತ್ರಿಕೆಯೊಂದನ್ನು ತಾವೂ ಕೊಡದೆ, ಕೊಡಬಂದವರನ್ನೂ ಆ ಮಾಹಿತಿಯ ಬಲದಿಂದ ತಡೆದು, ಪ್ರಸಾರಕ್ಕೆ ಹೊಂದಿಕೊಂಡ ಪಟ್ಟಿ ಪತ್ರಿಕೆಗಳ ಮಾರುಕಟ್ಟೆಯನ್ನು ತಮಗೇ ಉಳಿಸಿಕೊಳ್ಳುವುದು, ಅದಕ್ಕೆ ಸಮರ್ಥನೆ ಇಲ್ಲದಿದ್ದಾಗ, ಮಾರುಕಟ್ಟೆಯಲ್ಲಿ ತಮಗಿರುವ ಪ್ರಾಬಲ್ಯದ ದುರ್ಬಳಕೆಯಾಗುತ್ತದೆ. ಮಾಹಿತಿಯನ್ನು ಹಿಡಿದಿಟ್ಟುಕೊಂಡ ದೊಡ್ಡ ಕಂಪನಿಗಳ ವಿರುದ್ಧದ ವ್ಯಾಜ್ಯಗಳಲ್ಲಿ ಈ ತೀರ್ಪನ್ನು ಈಗಲೂ ಉಲ್ಲೇಖಿಸುತ್ತಾರೆ. ಮೇಡಂ ಅವರ ಪೆಟ್ಟಿಗೆಯಲ್ಲಿ ಒಂದೇ ವಾರದ ಎರಡೂ ಪತ್ರಿಕೆಗಳಿದ್ದರೆ ಅವನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸಿದರೆ ಸಾಕು, ನಾನು ಒಂದು ಗಂಟೆ ಪಾಠ ಮಾಡಿ ವಿವರಿಸಬೇಕಾದದ್ದು ವಿದ್ಯಾರ್ಥಿಗಳಿಗೆ ಕಣ್ಣಿಗೇ ಕಾಣುತ್ತದೆ.

ಗಣಕೀಕರಣದ ಮಾತು ಬಂದದ್ದರಿಂದ ಇದನ್ನೂ ಸೇರಿಸುತ್ತೇನೆ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ತನ್ನಲ್ಲಿರುವ ಮುದ್ರಿತ ಪ್ರತಿಯನ್ನು ಸಂರಕ್ಷಣೆಗಾಗಿ ವಿದ್ಯುನ್ಮಾನ ರೂಪದಲ್ಲಿ ಇಟ್ಟುಕೊಳ್ಳಬಹುದು. ಕಾಲೇಜು ಗ್ರಂಥಾಲಯ ಆ ವ್ಯಾಖ್ಯೆಯೊಳಗೆ ಬರುತ್ತದೆಯೇ ಎಂಬುದನ್ನು ನಿಮ್ಮ ಸಂಸ್ಥೆಯ ಕಾನೂನು ಸಲಹೆಗಾರರಿಂದ ಖಚಿತಪಡಿಸಿಕೊಳ್ಳಿ. ಸ್ಕ್ಯಾನ್ ಮಾಡಿದ ಪುಟಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಡುವುದಕ್ಕೆ ಈ ವಿನಾಯಿತಿ ಅನ್ವಯಿಸುವುದಿಲ್ಲ.

ಧಾರವಾಡದ ಪತ್ರಿಕೋದ್ಯಮ ಮೇಷ್ಟ್ರು

ಅಮೆರಿಕದ ಟಿವಿ ಗೈಡ್ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಫಿಲಡೆಲ್ಫಿಯಾದ ಪ್ರಕಾಶಕ ವಾಲ್ಟರ್ ಆನನ್‌ಬರ್ಗ್ ಬೇರೆ ಬೇರೆ ನಗರಗಳಲ್ಲಿದ್ದ ಸ್ಥಳೀಯ ಪಟ್ಟಿ ಪತ್ರಿಕೆಗಳನ್ನು ಕೊಂಡು, 1953ರ ಏಪ್ರಿಲ್ 3ರಂದು ಅದನ್ನು ದೇಶಮಟ್ಟದ ಪತ್ರಿಕೆಯಾಗಿ ತಂದರು. ನಟಿ ಲೂಸಿಲ್ ಬಾಲ್ ಅವರ ಕೂಸಿನ ಚಿತ್ರ ಅದರ ಮುಖಪುಟದಲ್ಲಿತ್ತು. ಬೆಲೆ 15 ಸೆಂಟ್. ಅಲ್ಲಿ ಪ್ರತಿ ಊರಿಗೂ ಬೇರೆ ಬೇರೆ ಕೇಂದ್ರಗಳು, ಬೇರೆ ಬೇರೆ ಸಮಯ. ಅದಕ್ಕಾಗಿ ಅವರು ಕಂಡುಕೊಂಡ ಉಪಾಯವನ್ನು ನಾನು ಮುದ್ರಣದ ಪಾಠದಲ್ಲಿ ತಪ್ಪದೆ ಹೇಳುತ್ತೇನೆ. ಲೇಖನಗಳಿರುವ ಬಣ್ಣದ ಪುಟಗಳು ದೇಶಕ್ಕೆಲ್ಲ ಒಂದೇ, ಅವುಗಳ ನಡುವೆ ಸೇರಿಸುವ ಪಟ್ಟಿಯ ಪುಟಗಳು ಮಾತ್ರ ಆಯಾ ಪ್ರದೇಶದವು. ಹತ್ತು ಪ್ರಾದೇಶಿಕ ಆವೃತ್ತಿಗಳಿಂದ ಆರಂಭವಾದದ್ದು ಮುಂದೆ ನೂರನ್ನು ದಾಟಿತು, 1970ರ ದಶಕದಲ್ಲಿ ಮಾರಾಟವಾಗುವ ಪ್ರತಿಗಳ ಸಂಖ್ಯೆ ಎರಡು ಕೋಟಿಯ ಹತ್ತಿರಕ್ಕೆ ಹೋಯಿತು. 1988ರಲ್ಲಿ ರೂಪರ್ಟ್ ಮರ್ಡಾಕ್ ಅದರ ಪ್ರಕಾಶನ ಸಂಸ್ಥೆಯನ್ನು ಸುಮಾರು 300 ಕೋಟಿ ಡಾಲರ್‌ಗೆ ಕೊಂಡರು.

ಕೇಬಲ್ ವಾಹಿನಿಗಳು ಹೆಚ್ಚಿದಂತೆ ಆ ಚಿಕ್ಕ ಪುಟದಲ್ಲಿ ಎಲ್ಲವನ್ನೂ ಹಿಡಿಸುವುದು ಕಷ್ಟವಾಯಿತು. ಪಟ್ಟಿ ಟಿವಿಯ ತೆರೆಯ ಮೇಲೆಯೇ ಕಾಣಿಸತೊಡಗಿತು. 2005ರ ಅಕ್ಟೋಬರ್‌ನಲ್ಲಿ ಟಿವಿ ಗೈಡ್ ತನ್ನ ಸ್ಥಳೀಯ ಆವೃತ್ತಿಗಳನ್ನೆಲ್ಲ ಕೈಬಿಟ್ಟು ದೊಡ್ಡ ಆಕಾರದ ಸಾಮಾನ್ಯ ಪತ್ರಿಕೆಯಾಯಿತು. 2008ರಲ್ಲಿ ಪತ್ರಿಕೆಯನ್ನು ಒಂದು ಡಾಲರ್‌ಗೆ, ಅದರ ಸಾಲದ ಹೊರೆಯ ಸಮೇತ, ಮತ್ತೊಬ್ಬರಿಗೆ ವಹಿಸಲಾಯಿತು. ಮೇಡಂ, ನಿಮ್ಮಲ್ಲಿರುವ ಸಂಚಿಕೆಗಳಲ್ಲಿ ಯಾವ ಪ್ರದೇಶದ ಆವೃತ್ತಿಯೆಂಬುದನ್ನು ಹುಡುಕಿ ಸೂಚಿಯಲ್ಲಿ ಬರೆಯಿರಿ. ಆ ಹೆಸರಿಲ್ಲದೆ ತಾರೀಖು ಮಾತ್ರ ಬರೆದರೆ ಪಟ್ಟಿಯ ಪುಟಗಳಿಂದ ಪ್ರಯೋಜನವಿಲ್ಲ.

ತುಂಗಭದ್ರಾ ಅವರ ಆದ್ಯತೆಯ ಪ್ರಶ್ನೆ ನ್ಯಾಯವಾದದ್ದು. ನಮ್ಮ ದೇಶದಲ್ಲಿಯೂ ಇಂಥ ಪತ್ರಿಕೆ ಇತ್ತೆಂಬುದನ್ನೇ ನಾವು ಮರೆತಿದ್ದೇವೆ. 1927ರಲ್ಲಿ ಮುಂಬಯಿ ಕೇಂದ್ರದ ಜೊತೆಗೆ 'ಇಂಡಿಯನ್ ರೇಡಿಯೊ ಟೈಮ್ಸ್' ಬಂತು. 1935ರ ಕೊನೆಯಲ್ಲಿ ಅದು 'ದಿ ಇಂಡಿಯನ್ ಲಿಸನರ್' ಆಯಿತು, 1958ರಲ್ಲಿ 'ಆಕಾಶವಾಣಿ' ಎಂಬ ಹೆಸರು ಪಡೆಯಿತು. ಬಂಗಾಳಿಯಲ್ಲಿ 'ಬೇತಾರ್ ಜಗತ್', ತಮಿಳಿನಲ್ಲಿ 'ವಾನೊಲಿ', ತೆಲುಗಿನಲ್ಲಿ 'ವಾಣಿ' ಇದ್ದವು. ಯಾವ ಗಾಯಕರು ಯಾವ ರಾತ್ರಿ ಯಾವ ರಾಗವನ್ನು ಹಾಡಿದರು ಎಂದು ಹುಡುಕುವ ಸಂಗೀತ ಸಂಶೋಧಕರಿಗೆ ಇಂಡಿಯನ್ ಲಿಸನರ್‌ನ ಪುಟಗಳು ಅಮೂಲ್ಯ, ಏಕೆಂದರೆ ನೇರ ಪ್ರಸಾರವಾದ ಆ ಕಛೇರಿಗಳಲ್ಲಿ ಬಹುಪಾಲಿನ ಧ್ವನಿಮುದ್ರಣವೇ ಆಗಿಲ್ಲ. ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ಆರಂಭವಾಯಿತು. ಅಂದಿನ ಕನ್ನಡ ನಾಟಕಗಳು, ಸಂದರ್ಶನಗಳು ಯಾವಾಗ ಪ್ರಸಾರವಾದವೆಂದು ತಿಳಿಯಲು ನಾನು ನನ್ನ ವಿದ್ಯಾರ್ಥಿಗಳನ್ನು ಹಳೆಯ ದಿನಪತ್ರಿಕೆಗಳ ಮೂಲೆಯ 'ಇಂದಿನ ಕಾರ್ಯಕ್ರಮ'ಗಳತ್ತ ಕಳಿಸುತ್ತೇನೆ. ಇಂಗ್ಲಿಷರ ಪಟ್ಟಿಯನ್ನು ಜೋಪಾನ ಮಾಡುವ ಅಭ್ಯಾಸ ಬೆಳೆದರೆ ನಮ್ಮದನ್ನು ಜೋಪಾನ ಮಾಡಬೇಕೆಂಬ ಎಚ್ಚರವೂ ಬಂದೀತೆಂದು ನಾನು ನಂಬಿದ್ದೇನೆ. ಒಂದನ್ನು ಉಳಿಸಲು ಇನ್ನೊಂದನ್ನು ಬಲಿಕೊಡಬೇಕಾಗಿಲ್ಲ.

ಮಲೆನಾಡಿನ ಗ್ರಂಥಪಾಲಕಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ನಿಮ್ಮ ಬರಹಗಳನ್ನು ಅಚ್ಚು ತೆಗೆದು ಸಮಿತಿಯ ಮುಂದಿಡುತ್ತೇನೆ. ತುಂಗಭದ್ರಾ ಅವರು ಹೇಳಿದ ಜೀನೋಮ್ ಜಾಲತಾಣವನ್ನು ನೋಡಿದೆ. ಅದೇ ಪ್ರಶ್ನೆಯನ್ನು ಸಮಿತಿಯಲ್ಲಿ ಖಂಡಿತ ಕೇಳುತ್ತಾರೆ: ಅಲ್ಲಿರುವುದನ್ನು ಇಲ್ಲಿ ಏಕೆ ಇಡಬೇಕು? ಎಲ್ಲವನ್ನೂ ಇಡಲು ಒಪ್ಪಿಗೆ ಸಿಗದಿದ್ದರೆ ಯಾವುದನ್ನು ಮೊದಲು ಉಳಿಸಬೇಕು?

ಯಾರ್ಕ್‌ಶೈರ್ ನಿವಾಸಿ

ಮೇಡಂ, ಜೀನೋಮ್ ದೊಡ್ಡ ಉಪಕಾರವೇ ಸರಿ. ಆದರೆ ನಿಮ್ಮ ದಶಕಗಳ ಮಟ್ಟಿಗೆ ಅದರಲ್ಲಿ ಸಿಗುವುದು ಮುಖ್ಯವಾಗಿ ಪಟ್ಟಿಯ ಪಠ್ಯ. ಲೇಖನ, ಜಾಹೀರಾತು, ಓದುಗರ ಪತ್ರ ಇವು ಬೇಕೆಂದರೆ ಪತ್ರಿಕೆಯನ್ನೇ ತೆರೆಯಬೇಕು. ಎರಿಕ್ ಫ್ರೇಸರ್ ಅವರಂಥ ಕಲಾವಿದರು ರೇಡಿಯೊ ಟೈಮ್ಸ್‌ಗಾಗಿ ದಶಕಗಟ್ಟಲೆ ಬರೆದ ಕಪ್ಪುಬಿಳುಪಿನ ಚಿತ್ರಗಳು, ಅವು ಇದ್ದ ಪುಟದಲ್ಲಿಯೇ, ಪಕ್ಕದ ಸಾಲುಗಳ ಜೊತೆಗೇ ನೋಡತಕ್ಕವು. ಅಲ್ಲದೆ ಜೀನೋಮ್ ಬಿಬಿಸಿಯದು, ಐಟಿವಿಯ ಕಾರ್ಯಕ್ರಮಗಳು ಅದರಲ್ಲಿಲ್ಲ. ಆದ್ದರಿಂದ ಆಯ್ಕೆ ಮಾಡಲೇಬೇಕಾದರೆ ನಿಮ್ಮಲ್ಲಿ ಕಡಿಮೆ ಇರುವ ಟಿವಿ ಟೈಮ್ಸ್ ಸಂಚಿಕೆಗಳೇ ಮೊದಲು ಉಳಿಯಬೇಕು. ಅವು ಲೀಡ್ಸ್‌ನಲ್ಲಿ ಕೊಂಡವಾದರೆ ಯಾರ್ಕ್‌ಶೈರ್ ಟೆಲಿವಿಷನ್ ಪ್ರದೇಶದ ಆವೃತ್ತಿಗಳಾಗಿರುತ್ತವೆ. ಐಟಿವಿ ಪ್ರಾದೇಶಿಕ ಕಂಪನಿಗಳ ಒಕ್ಕೂಟವಾಗಿದ್ದುದರಿಂದ ಲಂಡನ್ನಿನ ಪಟ್ಟಿಗೂ ಲೀಡ್ಸ್‌ನ ಪಟ್ಟಿಗೂ ಸಾಕಷ್ಟು ವ್ಯತ್ಯಾಸವಿತ್ತು.

ಎರಡನೆಯ ಆದ್ಯತೆ, ಅಧ್ಯಾಪಕರು ಗುರುತು ಹಾಕಿದ ಸಂಚಿಕೆಗಳಿಗೆ. ಅಚ್ಚಾದ ಪಟ್ಟಿ ಪ್ರಸಾರ ಸಂಸ್ಥೆ ಏನು ಕೊಡಹೊರಟಿತ್ತೆಂಬುದನ್ನು ಹೇಳುತ್ತದೆ, ಪೆನ್ನಿನ ಗುರುತು ಒಬ್ಬ ಕನ್ನಡಿಗ ಆ ದೇಶದಲ್ಲಿದ್ದು ಏನನ್ನು ನೋಡಲು ಬಯಸಿದರೆಂಬುದನ್ನು ಹೇಳುತ್ತದೆ. ಅಂಥದ್ದು ಯಾವ ಜಾಲತಾಣದಲ್ಲಿಯೂ ಸಿಗುವುದಿಲ್ಲ. ಗುರುತಿರುವ ಪುಟಗಳ ಸಂಖ್ಯೆಯನ್ನು ಸೂಚಿಯಲ್ಲಿ ಪ್ರತ್ಯೇಕವಾಗಿ ಬರೆದಿಡಿ. ಮೂರನೆಯದಾಗಿ ಕ್ರಿಸ್‌ಮಸ್ ಜೋಡಿ ಸಂಚಿಕೆಗಳು. 1988ರದ್ದು ಕೋಟಿಗೂ ಹೆಚ್ಚು ಅಚ್ಚಾದದ್ದರಿಂದ ಅಪರೂಪವೇನಲ್ಲ, ಆದರೂ ವಿದ್ಯಾರ್ಥಿಗಳಿಗೆ ತೋರಿಸಲು ಒಳ್ಳೆಯದು.

ಬಳಸುವವರಿಗೆ ಒಂದು ಎಚ್ಚರಿಕೆಯನ್ನು ಪೆಟ್ಟಿಗೆಯ ಮೇಲೆಯೇ ಬರೆದು ಅಂಟಿಸಿ. ಈ ಪತ್ರಿಕೆಗಳು ಪ್ರಸಾರಕ್ಕಿಂತ ಮುಂಚೆ ಅಚ್ಚಾದವು, ಬರೆದದ್ದೆಲ್ಲ ನಡೆಯಿತೆಂದು ತಿಳಿಯಬಾರದು. 1964ರ ಏಪ್ರಿಲ್ 20ರಂದು ಬಿಬಿಸಿ 2 ಉದ್ಘಾಟನೆಯಾಗಬೇಕಿತ್ತು. ರೇಡಿಯೊ ಟೈಮ್ಸ್‌ನಲ್ಲಿ ಆ ಸಂಜೆಯ ಕಾರ್ಯಕ್ರಮವೆಲ್ಲ ಅಚ್ಚಾಗಿತ್ತು, ಲಂಡನ್ನಿನಲ್ಲಿ ವಿದ್ಯುತ್ ಹೋದದ್ದರಿಂದ ಅಂದು ಉದ್ಘಾಟನೆಯೇ ನಡೆಯಲಿಲ್ಲ. ನಿಮ್ಮ ಸಂಗ್ರಹದ ಅವಧಿಯಲ್ಲೇ, 1979ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ಮುಷ್ಕರದಿಂದಾಗಿ ಐಟಿವಿ ಬಹುತೇಕ ಪೂರ್ತಿ ನಿಂತುಹೋಗಿತ್ತು. ಆ ತಿಂಗಳುಗಳ ಬಗ್ಗೆ ಬರೆಯುವವರು ದಿನಪತ್ರಿಕೆಗಳ ವರದಿಯನ್ನೂ ನೋಡಿ ತಾಳೆ ಹಾಕಬೇಕು.

ಕಾಗದ ಅಗ್ಗದ್ದಾದ್ದರಿಂದ ಹಳದಿಯಾಗಿ ಮುರಿಯತೊಡಗುತ್ತದೆ. ತುಕ್ಕು ಹಿಡಿದ ಪಿನ್ನುಗಳನ್ನು ಮೊದಲು ತೆಗೆಯಿರಿ, ಸಂಚಿಕೆಗಳನ್ನು ನಿಲ್ಲಿಸದೆ ಮಲಗಿಸಿ, ಆಮ್ಲರಹಿತ ಪೆಟ್ಟಿಗೆಗಳಲ್ಲಿ ಇಡಿ. ಹೊರಗೋಡೆಗೆ ತಾಗಿದ ಕಪಾಟು ಮಲೆನಾಡಿನ ಮಳೆಗಾಲದಲ್ಲಿ ಬೇಡವೇ ಬೇಡ. ರೇಡಿಯೊ ಟೈಮ್ಸ್‌ನ ವಾರ 1960ರ ಅಕ್ಟೋಬರ್‌ನಿಂದ ಈಚೆಗೆ ಶನಿವಾರದಿಂದ ಶುಕ್ರವಾರದವರೆಗೆ ಇರುವುದರಿಂದ ಸೂಚಿಯಲ್ಲಿ ಎರಡೂ ತಾರೀಖುಗಳನ್ನು ಬರೆಯಿರಿ. ಆವೃತ್ತಿಯ ಹೆಸರು, ಕಾಣೆಯಾದ ಪುಟಗಳು, ಗುರುತುಗಳಿವೆಯೇ ಎಂಬುದು, ಇಷ್ಟು ಸೇರಿದರೆ ಸಂಶೋಧಕರಿಗೆ ಸಾಕು. ಸೂಚಿ ಸಿದ್ಧವಾದಾಗ ಇಲ್ಲಿಯೇ ಹಾಕಿ, ಯಾವ ಆವೃತ್ತಿಯೆಂದು ತಿಳಿಯದ ಸಂಚಿಕೆಗಳಿದ್ದರೆ ವಾಹಿನಿಗಳ ಹೆಸರು ನೋಡಿ ಗುರುತಿಸಲು ನಾನು ನೆರವಾಗುತ್ತೇನೆ.